ವಾಗರ್ಥಗಳ ದಾಂಪತ್ಯ

ಕಾಳಿದಾಸ ಮಹಾಕವಿಯು ರಘುವಂಶವನ್ನು ಆರಂಭಿಸುವಾಗ ಜಗತ್ತಿನ ತಾಯಿತಂದೆಗಳಾದ ಪಾರ್ವತೀಪರಮೇಶ್ವರರನ್ನು ಶಬ್ದಾರ್ಥಗಳಿಗೆ ಹೋಲಿಸಿ ವಂದಿಸಿರುವನೆಂಬುದು ವಿದ್ಯಾವಂತರ ಮನೆಗಳಲ್ಲೆಲ್ಲ ತಿಳಿದ ಸಂಗತಿಯೇ ಆಗಿದೆ. ಈ ಉಪಮಾನವನ್ನು ಪಂಡಿತರು ಸಾಮಾನ್ಯವಾಗಿ ಕಾವ್ಯದ ಕಡೆಯಿಂದ ವಿವರಿಸುವರು; ಮಾತೂ ಅರ್ಥವೂ ಸತಿಪತಿಗಳಂತೆ ಒಂದನ್ನೊಂದು ಅಗಲದೆ ಇರುವುದೇ ಸತ್ಕಾವ್ಯದ ಲಕ್ಷಣವೆನ್ನುವರು. ಆದರೆ ಅದೇ ಉಪಮಾನವನ್ನು ದಾಂಪತ್ಯದ ಕಡೆಯಿಂದ ನೋಡಿದರೆ ಬೇರೊಂದು ಪ್ರಶ್ನೆಯು ಏಳುವುದು. ಸತಿಪತಿಗಳಲ್ಲಿ ಒಬ್ಬರಿಂದ ಮಾತು ಹೊರಟುಹೋಗಿ, ಹೇಳಬೇಕೆಂಬ ಅರ್ಥವೊಂದೇ ಒಳಗೆ ಉಳಿದರೆ ಆ ಕೂಟದ ಗತಿಯೇನು? ಇದು ಅಲಂಕಾರಶಾಸ್ತ್ರದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಪಾರ್ಶ್ವವಾಯುವು ಮಿದುಳಿನ ಎಡಭಾಗವನ್ನು ಹೊಡೆದಾಗ ದೇಹದ ಬಲಭಾಗದ ಕೈಕಾಲುಗಳು ಸೋಲುವುದರ ಜತೆಗೆ ಅನೇಕರಲ್ಲಿ ಮಾತೂ ಕೆಡುವುದು. ಆಗ ಹಾಸಿಗೆಯ ಒಂದು ಪಕ್ಕದಲ್ಲಿ ಹೇಳಲಾರದವರು, ಇನ್ನೊಂದು ಪಕ್ಕದಲ್ಲಿ ತಿಳಿಯಲಾರದವರು ಕುಳಿತಿರುವರು.

ಇಂತಹ ಒಂದು ಮನೆಯ ಚರಿತ್ರೆಯನ್ನು ಹೇಳುವ ಗ್ರಂಥವು ಅಮೆರಿಕದ ಲೇಖಕಿ ಡಯೇನ್ ಆಕರ್ಮನ್ ಅವರಿಂದ ೨೦೧೧ರಲ್ಲಿ ಹೊರಬಂದಿತು. ಅದರ ಹೆಸರು ‘ವನ್ ಹಂಡ್ರೆಡ್ ನೇಮ್ಸ್ ಫಾರ್ ಲವ್’. ಕನ್ನಡದಲ್ಲಿ ‘ಒಲವಿಗೆ ನೂರು ಹೆಸರು’ ಎನ್ನಬಹುದು. ಮರುವರ್ಷ ಪುಲಿಟ್ಜರ್ ಬಹುಮಾನದ ಕೊನೆಯ ಸುತ್ತಿನಲ್ಲಿ ಪರಿಗಣಿತವಾದ ಈ ಗ್ರಂಥದ ನಾಯಕರು ಆಕೆಯ ಪತಿ ಪಾಲ್ ವೆಸ್ಟ್. ಇದಕ್ಕೆ ಮೂರು ವರ್ಷ ಮುಂಚೆ, ೨೦೦೮ರಲ್ಲಿ, ಅದೇ ಕಾಯಿಲೆಯನ್ನು ಕುರಿತು ರೋಗಿಯಾದ ವೆಸ್ಟ್ ಅವರೇ ರಚಿಸಿದ ‘ದಿ ಶ್ಯಾಡೊ ಫ್ಯಾಕ್ಟರಿ’, ಎಂದರೆ ‘ನೆರಳಿನ ಕಾರ್ಖಾನೆ’, ಪ್ರಕಟವಾಗಿದ್ದಿತು. ಒಂದೇ ವ್ಯಾಧಿಯನ್ನು ಸೇವೆ ಮಾಡಿದವರೂ ಸೇವೆ ಪಡೆದವರೂ ಪ್ರತ್ಯೇಕವಾಗಿ ಬರೆದಿರುವುದು ಸಾಹಿತ್ಯದಲ್ಲಿ ಬಹಳ ಅಪೂರ್ವ. ಆದಕಾರಣ ಮೊದಲನೆಯ ಗ್ರಂಥದ ಗುಣದೋಷಗಳನ್ನು ಎರಡನೆಯದರ ಬೆಳಕಿನಲ್ಲಿಯೇ ವಿಚಾರಿಸುವುದು ಉಚಿತ.

ದಂಪತಿಗಳಿಬ್ಬರೂ ಮಾತನ್ನೇ ಕಸುಬಾಗಿ ಮಾಡಿಕೊಂಡವರು. ೧೯೪೮ರಲ್ಲಿ ಹುಟ್ಟಿದ ಆಕರ್ಮನ್ ಅವರು ಕವಯಿತ್ರಿ. ಪಂಚೇಂದ್ರಿಯಗಳನ್ನು ಕುರಿತು ೧೯೯೦ರಲ್ಲಿ ಬರೆದ ಗ್ರಂಥದಿಂದ ಪ್ರಸಿದ್ಧರಾದವರು. ಮನಸ್ಸು ಮಿದುಳುಗಳ ವ್ಯಾಪಾರವನ್ನು ಕುರಿತು ೨೦೦೪ರಲ್ಲಿ ಮತ್ತೊಂದು ಗ್ರಂಥವನ್ನು ಪ್ರಕಟಿಸಿದವರು. ೧೯೩೦ರಲ್ಲಿ ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಎಕಿಂಗ್‌ಟನ್ ಎಂಬಲ್ಲಿ ಜನಿಸಿದ ವೆಸ್ಟ್ ಅವರು ಅಮೆರಿಕದಲ್ಲಿ ನೆಲೆಸಿ ಅನೇಕ ಕಾದಂಬರಿಗಳನ್ನು ಬರೆದರು. ಅಲಂಕಾರಭರಿತವಾದ ಗದ್ಯದ ಪಕ್ಷವನ್ನು ವಹಿಸಿ ೧೯೮೫ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದ ಶಬ್ದಪ್ರಿಯರು ಅವರು. ಮೊದಲ ಮದುವೆಯಿಂದ ಅವರಿಗೊಬ್ಬ ಮಗಳಿದ್ದಳು. ಕಿವಿ ಕೇಳದ, ಮಾತು ಬಾರದ ಆ ಮಗುವನ್ನು ಉದ್ದೇಶಿಸಿ ೧೯೬೯ರಲ್ಲಿ ಅವರು ಒಂದು ಪುಸ್ತಕವನ್ನು ಬರೆದಿದ್ದರು. ಮಾತಿಲ್ಲದ ಮಗುವಿಗೆ ಮಾತನ್ನು ಅರ್ಪಿಸಿದ ತಂದೆಯೇ ಮುಂದೆ ತಾನೂ ಮಾತಿಲ್ಲದವನಾಗಬೇಕಾಗಿ ಬಂದುದು ವಿಧಿಯ ವ್ಯಂಗ್ಯವೆನ್ನಬೇಕು. ಕವಿಯೊಬ್ಬನು ಇದನ್ನು ಕಟ್ಟಿ ಹೇಳಿದ್ದರೆ ವಿಮರ್ಶಕರು ಕೃತಕವೆಂದು ಆಕ್ಷೇಪಿಸುತ್ತಿದ್ದರು.

೨೦೦೩ರ ಬೇಸಗೆಯಲ್ಲಿ ವೆಸ್ಟ್ ಅವರು ಮೂತ್ರಪಿಂಡದ ಸೋಂಕಿಗಾಗಿ ಮೂರು ವಾರಗಳ ಕಾಲ ಆಸ್ಪತ್ರೆಯಲ್ಲಿದ್ದು, ಇನ್ನೇನು ಮನೆಗೆ ಹಿಂದಿರುಗಬೇಕೆಂಬ ಹೊತ್ತಿನಲ್ಲಿ ಪಾರ್ಶ್ವವಾಯು ಬಡಿಯಿತು. ಆಗ ಅವರಿಗೆ ಎಪ್ಪತ್ತಮೂರು ವಯಸ್ಸು. ಮಾತನ್ನು ಆಡಿಸುವ, ಮಾತನ್ನು ತಿಳಿಸುವ, ಎರಡು ಬಗೆಯ ಕೇಂದ್ರಗಳಿಗೂ ಹಾನಿಯಾಯಿತು. ಅಲ್ಲಿಂದ ಮುಂದೆ ಅವರ ನಾಲಗೆಯಿಂದ ಹೊರಟದ್ದು ‘ಮೆಮ್’ ಎಂಬ ಒಂದೇ ಒಂದು ಅಕ್ಷರಸಮೂಹ. ನೀರು ಬೇಕೆಂದರೂ ಅದೇ, ಕೋಪ ಬಂದರೂ ಅದೇ, ಹೆಂಡತಿಯನ್ನು ಕರೆಯಬೇಕೆಂದರೂ ಅದೇ. ವೈದ್ಯಶಾಸ್ತ್ರದ ಚರಿತ್ರೆಯನ್ನು ಬಲ್ಲವರಿಗೆ ಇದು ಪಾರಿಸಿನ ಮತ್ತೊಬ್ಬ ರೋಗಿಯನ್ನು ನೆನಪಿಗೆ ತರದಿರದು. ೧೮೬೧ರಲ್ಲಿ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯರು ಪರೀಕ್ಷಿಸಿದ ಆ ರೋಗಿಯು ‘ಟಾನ್’ ಎಂಬುದನ್ನಲ್ಲದೆ ಬೇರೊಂದನ್ನು ನುಡಿಯಲಾರದೆ ಇದ್ದುದರಿಂದ ಜನರು ಅವನನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದರು. ಅವನು ತೀರಿಕೊಂಡ ಮೇಲೆ ಮಿದುಳಿನ ಎಡಮುಂಭಾಗದಲ್ಲಿ ಕಂಡ ಗಾಯದಿಂದ ಮಾತಿನ ಒಂದು ಸ್ಥಾನವು ಗೊತ್ತಾಯಿತು; ೧೮೭೪ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಅವರು ತಿಳಿವಳಿಕೆಗೆ ಸಂಬಂಧಿಸಿದ ಇನ್ನೊಂದು ಸ್ಥಾನವನ್ನು ತೋರಿಸಿದರು. ಈ ವಾಗ್ವಿಕಲತೆಗೆ ವೈದ್ಯರು ಅಫೇಸಿಯವೆಂದು ಹೆಸರಿಟ್ಟಿರುವರು. ಟಾನ್ ಎಂಬಾತನಿಂದ ಶಾಸ್ತ್ರವು ಬಹಳ ಕಲಿತಿತು. ಆದರೆ ಆತನು ಏನನ್ನು ಹೇಳಬೇಕೆಂದಿದ್ದನೆಂಬುದು ಯಾರಿಗೂ ತಿಳಿಯದೆ ಹೋಯಿತು. ಆಕರ್ಮನ್ ಅವರ ಗ್ರಂಥದ ಮಹತ್ತ್ವವನ್ನು ಅಳೆಯಬೇಕಾದುದು ಈ ಕೊರತೆಯ ಎದುರಿನಲ್ಲಿ. ‘ಮೆಮ್’ ಎಂಬುದರ ಹಿಂದೆ ಒಬ್ಬ ಮನುಷ್ಯನು ಇದ್ದಾನೆಂಬ ನಂಬಿಕೆಯೇ ಆ ಗ್ರಂಥದ ಬೀಜ.

ಗ್ರಂಥದಲ್ಲಿ ಎಲ್ಲಕ್ಕಿಂತ ನೆನಪಿನಲ್ಲಿ ಉಳಿಯತಕ್ಕ ಪ್ರಸಂಗವು ಬಹಳ ಸಣ್ಣದು. ಮಾತು ಕಲಿಸಲು ಬಂದ ಚಿಕಿತ್ಸಕಿಯು ವೆಸ್ಟ್ ಅವರ ಮುಂದೆ ಒಂದು ಚಿತ್ರವನ್ನು ಹಿಡಿದು ಇದೇನೆಂದು ಕೇಳುವಳು. ಚಿತ್ರದಲ್ಲಿರುವುದು ರೆಕ್ಕೆಯುಳ್ಳ ಎಳೆಯ ದೇವದೂತರು. ರೋಗಿಯು ಬಹಳ ಪ್ರಯಾಸದಿಂದ ‘ಚೆರುಬಿಮ್’ ಎಂಬರ್ಥದ ಧ್ವನಿಯನ್ನು ಹೊರಡಿಸುವರು. ಚಿಕಿತ್ಸಕಿಯು ತಪ್ಪೆಂದು ಹೇಳಿ, ‘ಏಂಜಲ್ಸ್’ ಎಂಬ ಸುಲಭವಾದ ಮಾತನ್ನು ಬಿಡಿಸಿ ಬಿಡಿಸಿ ಉಚ್ಚರಿಸಿ ತಿದ್ದುವಳು. ವಾಸ್ತವವಾಗಿ ರೋಗಿಯ ಉತ್ತರವು ತಪ್ಪಾಗಿರಲಿಲ್ಲ. ಪ್ರಶ್ನೆ ಕೇಳಿದವರು ನಿರೀಕ್ಷಿಸಿದ್ದಕ್ಕಿಂತ ಸೂಕ್ಷ್ಮವಾಗಿದ್ದಿತು. ದಿನಬಳಕೆಯ ಮಾತುಗಳಿಗೆ ಹೋಗುವ ದಾರಿಯು ಮುಚ್ಚಿಹೋಗಿದ್ದರೂ, ಐವತ್ತು ವರ್ಷಗಳ ಓದುಬರಹದಿಂದ ಕೂಡಿಟ್ಟಿದ್ದ ವಿರಳಶಬ್ದಗಳ ಕಡೆಗೆ ಒಂದು ಕಾಲುದಾರಿಯು ತೆರೆದೇ ಇದ್ದಿತು. ಕುರ್ಚಿ, ಬಾಗಿಲು, ಚಮಚ ಎಂಬ ಹೆಸರುಗಳು ಬಾರದವರ ಬಾಯಲ್ಲಿ ನಿಘಂಟಿನ ಮೂಲೆಯ ಪದಗಳು ಬಂದವು. ಗೊತ್ತಾದ ಉತ್ತರವನ್ನು ಕೈಯಲ್ಲಿ ಹಿಡಿದು ಕೇಳುವವರಿಗೆ ಇದು ಬಡಬಡಿಕೆಯಾಗಿ ಕೇಳಿಸಿತು. ಆತನನ್ನು ಬಲ್ಲವರಿಗೆ ಅದು ಆತನ ಸಹಜವಾದ ಭಾಷೆಯಾಗಿಯೇ ಕೇಳಿಸಿತು.

ಇಲ್ಲಿಂದ ಗ್ರಂಥದ ಕಥೆಯು ತನ್ನ ದಾರಿಯನ್ನು ಹಿಡಿಯುವುದು. ಮಕ್ಕಳಿಗೆ ಕಲಿಸುವಂತಹ ಪಾಠಗಳು ಪತಿಯನ್ನು ಅವಮಾನಪಡಿಸುತ್ತಿರುವುದನ್ನು ಕಂಡ ಪತ್ನಿಯು ಬೇರೊಂದು ಕ್ರಮವನ್ನು ಕಟ್ಟುವರು. ಖಾಲಿ ಜಾಗವನ್ನು ತುಂಬುವ ಪಾಠವೇ ಆದರೂ ವಾಕ್ಯಗಳು ಪತಿಯ ರುಚಿಗೆ ತಕ್ಕವು, ಹಾಸ್ಯವುಳ್ಳವು, ಒಂದೇ ಉತ್ತರಕ್ಕೆ ಕಟ್ಟುಬೀಳದವು. ದಿನದ ಬಹುಭಾಗ ಮಾತು ಕಿವಿಯ ಮೇಲೆ ಬೀಳುತ್ತಲೇ ಇರಬೇಕೆಂದು ಆಕೆ ಎಣಿಸುವರು; ಆದರೆ ಆತನು ದಣಿದಾಗ ಸುಮ್ಮನಿರಬೇಕೆಂಬುದನ್ನೂ ಕ್ರಮೇಣ ಕಲಿಯುವರು. ಆತನು ಒಂದು ಮಾತಿಗಾಗಿ ತಡಕುತ್ತಿರುವಾಗ ತಾನೇ ಆ ಮಾತನ್ನು ಎತ್ತಿಕೊಡುವ ಆಸೆಯು ಆಕೆಯನ್ನು ಹಿಂಸೆಪಡಿಸುವುದು. ಎತ್ತಿಕೊಟ್ಟರೆ ಕೆಲಸವು ಬೇಗ ಆಗುವುದು. ಆದರೆ ಮಾತು ಆತನದಾಗುವುದಿಲ್ಲ. ಈ ಕಾಯುವಿಕೆಯನ್ನು ಕುರಿತ ಭಾಗಗಳೇ ಗ್ರಂಥದ ಸಾರ. ವಾಗ್ವಿಕಲರ ಆರೈಕೆಯಲ್ಲಿ ಚಿಕಿತ್ಸಕರು ಹೇಳುವ ನಿಯಮಗಳೂ ಇವೇ ಆಗಿವೆ. ಗಟ್ಟಿಯಾಗಿ ಕೂಗಬಾರದು, ಏಕೆಂದರೆ ಕೆಟ್ಟಿರುವುದು ಕಿವಿಯಲ್ಲ. ಗದ್ದಲವಿಲ್ಲದೆಡೆಯಲ್ಲಿ ಎದುರಿಗೆ ಕುಳಿತು ಚಿಕ್ಕ ವಾಕ್ಯಗಳಲ್ಲಿ ಮಾತಾಡಬೇಕು. ಉತ್ತರಕ್ಕೆ ಸಾವಕಾಶ ಕೊಡಬೇಕು. ರೋಗಿಯ ಮುಂದೆ ರೋಗಿಯಿಲ್ಲವೆಂಬಂತೆ ಇತರರೊಡನೆ ಅವರ ವಿಷಯವನ್ನು ಆಡಬಾರದು. ನಿಯಮವಾಗಿ ಹೇಳಿದರೆ ಇವು ನಾಲ್ಕು ಪಂಕ್ತಿಗಳು. ಇವನ್ನು ಒಂದು ಮನೆಯಲ್ಲಿ ದಿನದಿನವೂ ಆಚರಿಸುವುದರ ಬೆಲೆಯೆಷ್ಟೆಂಬುದನ್ನು ತಿಳಿಸಲು ಗ್ರಂಥವೇ ಬೇಕಾಯಿತು.

ಗ್ರಂಥದ ಹೆಸರಿಗೆ ಕಾರಣವಾದ ಪ್ರಸಂಗವೂ ಈ ಕ್ರಮದಿಂದಲೇ ಹುಟ್ಟಿದುದು. ಹಿಂದೆ ವೆಸ್ಟ್ ಅವರು ಹೆಂಡತಿಯನ್ನು ಬಗೆಬಗೆಯ ಮುದ್ದಿನ ಹೆಸರುಗಳಿಂದ ಕರೆಯುತ್ತಿದ್ದರು. ಪಾರ್ಶ್ವವಾಯುವು ಅವನ್ನೆಲ್ಲ ಅಳಿಸಿಬಿಟ್ಟಿತು. ಅದಕ್ಕಾಗಿ ದುಃಖಪಟ್ಟ ಪತ್ನಿಯು, ಹಳೆಯವು ಹೋದರೆ ಹೋಗಲಿ, ಹೊಸದೊಂದನ್ನು ಕಟ್ಟಿಕೊಡಬಾರದೇ ಎಂದು ಕೇಳುವರು. ದಿನಕ್ಕೊಂದರಂತೆ ನೂರು ಹೆಸರುಗಳು ಆತನಿಂದ ಹುಟ್ಟುವುವು; ಅವುಗಳ ಪಟ್ಟಿಯೇ ಗ್ರಂಥದ ಕೊನೆಯಲ್ಲಿದೆ. ಮೇಲೆಮೇಲೆ ನೋಡುವವರಿಗೆ ಇದು ವಯಸ್ಸಾದವರ ಚೆಲ್ಲಾಟವೆಂದು ತೋರಬಹುದು. ಆದರೆ ಅದರ ತಾತ್ಪರ್ಯವು ಗಂಭೀರವಾದುದು. ಪಾರ್ಶ್ವವಾಯುವಾದ ಮನೆಯಲ್ಲಿ ಕೊಡುವವರು ಯಾವಾಗಲೂ ಒಬ್ಬರೇ, ತೆಗೆದುಕೊಳ್ಳುವವರು ಯಾವಾಗಲೂ ಒಬ್ಬರೇ ಆಗುವರು. ಊಟ ಮಾಡಿಸುವುದು, ಮೀಸುವುದು, ಔಷಧ ಕೊಡುವುದು, ಕೈಹಿಡಿದು ನಡೆಸುವುದು, ಎಲ್ಲವೂ ಒಂದೇ ಕಡೆಯಿಂದ ಇನ್ನೊಂದು ಕಡೆಗೆ ಹರಿಯುವುದು. ಕ್ರಮೇಣ ಹೆಂಡತಿಯು ದಾದಿಯೂ ಗಂಡನು ಮಗುವೂ ಆಗಿ, ದಾಂಪತ್ಯವು ಸದ್ದಿಲ್ಲದೆ ಅಳಿದುಹೋಗುವುದು. ಒಂದು ಹೆಸರನ್ನು ಕೇಳುವುದರ ಮೂಲಕ ಆಕರ್ಮನ್ ಅವರು ರೋಗಿಗೆ ಕೊಡುವ ಅಧಿಕಾರವನ್ನು ಮರಳಿ ಕೊಟ್ಟರು. ಆ ಒಂದು ಕ್ಷಣದಲ್ಲಿ ಆತನು ಕೊಟ್ಟನು, ಆಕೆ ತೆಗೆದುಕೊಂಡಳು. ದಾಂಪತ್ಯವು ಉಳಿದದ್ದು ಅಲ್ಲಿ.

ಈ ಮಾತಿನ ಸತ್ಯವನ್ನು ಇನ್ನೊಂದು ಪ್ರಸಿದ್ಧ ದಾಂಪತ್ಯದೊಡನೆ ಹೋಲಿಸಿ ಪರೀಕ್ಷಿಸಬಹುದು. ಮಕ್ಕಳ ಕಥೆಗಳಿಂದ ಹೆಸರಾದ ರೋಲ್ಡ್ ಡಾಲ್ ಅವರ ಪತ್ನಿ, ಅಮೆರಿಕದ ನಟಿ ಪಟ್ರೀಷಿಯ ನೀಲ್ ಅವರಿಗೆ ೧೯೬೫ರ ಫೆಬ್ರವರಿಯಲ್ಲಿ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗಲೇ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಪ್ರಜ್ಞೆ ಮರಳಿದಾಗ ನಡಿಗೆಯೂ ಮಾತೂ ಇರಲಿಲ್ಲ. ಡಾಲ್ ಅವರು ಇಂಗ್ಲೆಂಡಿನ ತಮ್ಮ ಊರಾದ ಗ್ರೇಟ್ ಮಿಸೆಂಡೆನ್‌ಗೆ ಆಕೆಯನ್ನು ಕರೆತಂದು, ನೆರೆಹೊರೆಯವರನ್ನು ಸರದಿಯಿಂದ ನೇಮಿಸಿ, ದಿನಕ್ಕೆ ಹಲವು ಗಂಟೆಗಳ ಪಾಠವನ್ನು ಬಿಡದೆ ನಡೆಸಿದರು. ಕೇಳಿದುದನ್ನು ಮಾತಿನಲ್ಲಿ ಹೇಳಿದ ಹೊರತು ಕೊಡಗೊಡಲಿಲ್ಲ. ಫಲವು ಆಶ್ಚರ್ಯಕರವಾಗಿದ್ದಿತು. ಆ ವರ್ಷವೇ ಆಕೆಗೆ ಮಗುವಾಯಿತು. ೧೯೬೮ರಲ್ಲಿ ಆಕೆ ಮತ್ತೆ ಚಲಚ್ಚಿತ್ರದಲ್ಲಿ ಅಭಿನಯಿಸಿ ಆಸ್ಕರ್ ಬಹುಮಾನಕ್ಕೆ ಸೂಚಿತರಾದರು. ಪಾಠ ಹೇಳಲು ಬಂದ ನೆರೆಯವರಲ್ಲೊಬ್ಬರಾದ ವ್ಯಾಲರಿ ಈಟನ್ ಗ್ರಿಫಿತ್ ಅವರು ೧೯೭೦ರಲ್ಲಿ ಬರೆದ ಕೈಪಿಡಿಯು ಅನೇಕ ಕುಟುಂಬಗಳಿಗೆ ದಾರಿ ತೋರಿಸಿತು. ಆದರೂ ೧೯೮೩ರಲ್ಲಿ ಆ ದಂಪತಿಗಳು ಬೇರೆಯಾದರು. ಅದಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ೧೯೮೮ರಲ್ಲಿ ನೀಲ್ ಅವರು ಬರೆದ ಆತ್ಮಕಥೆಯಲ್ಲಿ ಆ ಕಠಿನವಾದ ಶಿಸ್ತಿನ ವಿಷಯವಾಗಿ ಕೃತಜ್ಞತೆಯೂ ಕಹಿಯೂ ಒಟ್ಟಿಗೆ ಕಾಣುವುವು. ದೇಹವನ್ನು ಎಬ್ಬಿಸಲು ಉಪಾಧ್ಯಾಯನ ಬೆತ್ತವು ಉಪಯೋಗಕ್ಕೆ ಬಂದಿರಬಹುದು. ಆದರೆ ಬೆತ್ತ ಹಿಡಿದ ಕೈಯನ್ನು ಮತ್ತೆ ಪತಿಯ ಕೈಯೆಂದು ಹಿಡಿಯುವುದು ಸುಲಭವಲ್ಲ. ಡಾಲ್ ಅವರ ಸೇವೆಯನ್ನು ಹಳಿಯುವುದಕ್ಕಾಗಿ ಈ ಮಾತಲ್ಲ. ಸೇವೆಯ ಫಲ ಬೇರೆ, ಸೇವೆಯ ರೀತಿ ಬೇರೆ ಎಂಬುದು ಇದರಿಂದ ತಿಳಿಯತಕ್ಕ ವಿಷಯ.

ಇನ್ನು ವೆಸ್ಟ್ ಅವರ ಗ್ರಂಥವನ್ನು ನೋಡೋಣವೆಂದರೆ, ಅದು ಹುಟ್ಟಿದ ಸಂದರ್ಭವೇ ವಿಮರ್ಶೆಗೆ ಯೋಗ್ಯವಾದುದು. ಬದುಕೇ ಬೇಡವಾದ ದಿನಗಳಲ್ಲಿ, ವಾಗ್ವಿಕಲನೊಬ್ಬನು ತನ್ನ ಅನುಭವವನ್ನು ತಾನೇ ಹೇಳುವ ಗ್ರಂಥವನ್ನು ಏಕೆ ರಚಿಸಬಾರದೆಂದು ಪತ್ನಿಯು ಸೂಚಿಸಿದರು. ಪತ್ನಿಯೂ ಮನೆಗೆ ಬಂದ ಸಹಾಯಕಿಯೂ ಬರೆದುಕೊಳ್ಳುತ್ತಿರಲು, ಅವರು ತಡವರಿಸುತ್ತ ತಡವರಿಸುತ್ತ ಹೇಳಿ ಬರೆಯಿಸಿದುದೇ ‘ನೆರಳಿನ ಕಾರ್ಖಾನೆ’. ಅದರ ವಾಕ್ಯಗಳು ಕೆಲವೆಡೆ ಮುರಿದಿವೆ, ಕೆಲವೆಡೆ ಓದುವವರನ್ನು ದಾರಿತಪ್ಪಿಸುವುವು. ಸಂಪಾದಕನೊಬ್ಬನು ಕೈಯಾಡಿಸಿ ಅವನ್ನು ನೇರ್ಪಡಿಸಬಹುದಾಗಿದ್ದಿತು. ಹಾಗೆ ಮಾಡದಿದ್ದುದೇ ಲೇಸಾಯಿತು. ಹೊರಗೆ ‘ಮೆಮ್’ ಎಂಬುದೊಂದೇ ಹೊರಡುತ್ತಿದ್ದಾಗಲೂ ಒಳಗೆ ಸುಸಂಸ್ಕೃತವಾದ ಒಂದು ಧ್ವನಿಯು ನಿರರ್ಗಳವಾಗಿ ಮಾತಾಡುತ್ತಿದ್ದಿತೆಂಬುದನ್ನು ಲೋಕವು ತಿಳಿದದ್ದು ಆ ಗ್ರಂಥದಿಂದ. ಹೆಂಡತಿಯು ಎಷ್ಟೇ ಪ್ರೀತಿಯಿಂದ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದರೂ ಕಾಣಲಾಗದಿದ್ದ ಸಂಗತಿಯಿದು. ಆಕೆಯ ಗ್ರಂಥದಲ್ಲಿ ರೋಗಿಯು ಮೌನದಿಂದ ಮಾತಿಗೆ ಏರಿಬರುವರು. ಆತನ ಗ್ರಂಥದಲ್ಲಿ ಮೌನವೇ ಇರಲಿಲ್ಲ, ಇದ್ದುದು ಮುಚ್ಚಿದ ಬಾಗಿಲು. ಎರಡನ್ನೂ ಓದಿದವರಿಗೆ ಮಾತ್ರ ಪೂರ್ತಿಯಾದ ಕಥೆಯು ದೊರಕುವುದು. ಆದ್ದರಿಂದ ಆಕರ್ಮನ್ ಅವರ ದೊಡ್ಡ ಕಾರ್ಯವು ತಾವು ಬರೆದ ಗ್ರಂಥವಲ್ಲ, ಪತಿಯಿಂದ ಹೊರಬರುವಂತೆ ಮಾಡಿದ ಗ್ರಂಥವೆಂದರೆ ಆಕೆಯೂ ಬೇಸರಪಡಲಾರರು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಸುವುದು ವಿಮರ್ಶೆಯಲ್ಲ. ಆಕರ್ಮನ್ ಅವರ ಶೈಲಿಯಲ್ಲಿ ಉಪಮಾನಗಳು ಅತಿಯಾಗಿ ಬೆಳೆದಿವೆ. ಹಾಸಿಗೆ, ಸೂಜಿ, ಬಿದ್ದ ತುಟಿ, ನುಂಗಲಾರದ ಗಂಟಲು ಎಂಬ ಕಠಿನವಾದ ವಸ್ತುಗಳ ಮೇಲೆ ಹೂವಿನ ಹಾರಗಳು ಬಿದ್ದು, ಕೆಲವೆಡೆ ನೋವು ಕಾಣದೆ ಹಾರವೇ ಕಾಣುವುದು. ಎರಡನೆಯದಾಗಿ, ಆ ಮನೆಯು ಅನುಕೂಲವಂತರ ಮನೆ. ಈಜುಕೊಳವಿದೆ, ಸಂಬಳದ ಸಹಾಯಕಿ ಇದ್ದಾಳೆ, ಮನೆಯಲ್ಲಿಯೇ ಕುಳಿತು ಮಾಡಬಹುದಾದ ಉದ್ಯೋಗವಿದೆ. ಬೆಳಗಾದರೆ ಕೆಲಸಕ್ಕೆ ಹೋಗಲೇಬೇಕಾದ ಹೆಂಡತಿಗೆ ಈ ಗ್ರಂಥದ ಸಾವಕಾಶವು ಎಲ್ಲಿಂದ ಬಂದೀತು? ಇದನ್ನು ಗ್ರಂಥಕರ್ತ್ರಿಯು ಅರಿಯದವರಲ್ಲ. ಆದರೆ ಅರಿತಷ್ಟು ಬರೆದಿಲ್ಲ. ಮೂರನೆಯದು ಇವೆರಡಕ್ಕಿಂತ ದೊಡ್ಡದು. ಗ್ರಂಥವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ, ಪ್ರೀತಿಯು ಸಾಕಷ್ಟಿದ್ದರೆ ಮಾತು ಮರಳುವುದೆಂಬ ಭಾವನೆಯು ನಿಲ್ಲುವ ಅಪಾಯವಿದೆ. ಮಾತು ಮರಳುವುದೂ ಮರಳದಿರುವುದೂ ಮುಖ್ಯವಾಗಿ ಗಾಯದ ವಿಸ್ತಾರ, ಸ್ಥಾನ, ಚಿಕಿತ್ಸೆ ದೊರೆತ ಕಾಲ, ದೇಹದ ಸ್ಥಿತಿ ಇವುಗಳನ್ನು ಅವಲಂಬಿಸಿದೆ. ಮೊದಲ ಕೆಲವು ತಿಂಗಳುಗಳಲ್ಲಿ ಚೇತರಿಕೆಯು ಹೆಚ್ಚು. ಆಮೇಲೆ ನಿಧಾನವಾದರೂ ವರ್ಷಗಳವರೆಗೆ ನಡೆಯಬಲ್ಲದೆಂಬುದನ್ನು ಈ ಗ್ರಂಥವೇ ತೋರಿಸುವುದು. ಆದರೆ ಇಷ್ಟೇ ಪ್ರೀತಿಯಿಂದ ಇಷ್ಟೇ ವರ್ಷ ಕಾದು, ಒಂದು ಮಾತನ್ನೂ ಕೇಳದೆ ಹೋದ ಸತಿಯರೂ ಪತಿಗಳೂ ಲೋಕದಲ್ಲಿರುವರು. ಅವರ ಪ್ರೀತಿಯು ಕಡಮೆಯಾಗಿದ್ದಿತೆಂದು ಯಾವ ಗ್ರಂಥವೂ ಸೂಚಿಸಬಾರದು.

ಅಂತಹ ಮನೆಯೊಂದರ ಚಿತ್ರವನ್ನು ಬೇರೊಂದು ಕಲೆಯಲ್ಲಿ ನೋಡಬೇಕು. ಆಸ್ಟ್ರಿಯದ ನಿರ್ದೇಶಕ ಮಿಖಾಯೆಲ್ ಹಾನೆಕೆ ಅವರು ಫ್ರೆಂಚ್ ಭಾಷೆಯಲ್ಲಿ ನಿರ್ಮಿಸಿದ ‘ಅಮೂರ್’ ಎಂಬ ಚಲಚ್ಚಿತ್ರವು ೨೦೧೨ರಲ್ಲಿ ಕಾನ್ ಉತ್ಸವದ ಅತ್ಯುಚ್ಚ ಬಹುಮಾನವನ್ನೂ ಮರುವರ್ಷ ಆಸ್ಕರ್ ಬಹುಮಾನವನ್ನೂ ಪಡೆಯಿತು. ಅಮೂರ್ ಎಂದರೆ ಪ್ರೀತಿ. ಪಾರಿಸಿನ ಒಂದು ಮನೆಯಲ್ಲಿ ಎಂಬತ್ತು ದಾಟಿದ ಸಂಗೀತದ ಉಪಾಧ್ಯಾಯರಾದ ಜಾರ್ಜ್, ಆನ್ ಎಂಬ ದಂಪತಿಗಳು. ಕತ್ತಿನ ರಕ್ತನಾಳಕ್ಕೆ ಮಾಡಿದ ಶಸ್ತ್ರಚಿಕಿತ್ಸೆಯು ವಿಫಲವಾಗಿ ಆನಳ ಬಲಭಾಗವು ಸೋಲುವುದು. ತನ್ನನ್ನು ಮತ್ತೆ ಆಸ್ಪತ್ರೆಗೆ ಕಳುಹಿಸಬಾರದೆಂದು ಆಕೆ ಗಂಡನಿಂದ ಮಾತು ತೆಗೆದುಕೊಳ್ಳುವಳು. ಎರಡನೆಯ ಆಘಾತವಾದ ಮೇಲೆ ಮಾತು ಚೂರುಚೂರಾಗುವುದು. ಜಾರ್ಜ್ ಆಕೆಯೊಡನೆ ಒಂದು ಮಕ್ಕಳ ಹಾಡನ್ನು ಹಾಡುವನು. ಆಡುವ ಮಾತು ಕೆಟ್ಟವರಲ್ಲಿಯೂ ಹಾಡು, ಎಣಿಕೆ, ಪ್ರಾರ್ಥನೆಗಳು ಎಷ್ಟೋ ವೇಳೆ ಉಳಿದಿರುವುದನ್ನು ವೈದ್ಯರೂ ಬಲ್ಲರು. ಒಂದು ದಿನ ಆಕೆ ನೀರು ಕುಡಿಯಲೊಲ್ಲದೆ ಉಗುಳಿದಾಗ ಆತನು ಆಕೆಯ ಕೆನ್ನೆಗೆ ಹೊಡೆದುಬಿಡುವನು. ಒರಟಾಗಿ ನಡೆದುಕೊಂಡ ದಾದಿಯೊಬ್ಬಳನ್ನು ಮನೆಯಿಂದ ಹೊರಡಿಸಿದ ಕೈಯೇ ಅದು. ಕಡೆಗೆ, ನೋವಿನಿಂದ ಕೂಗುತ್ತಿದ್ದವಳನ್ನು ಬಾಲ್ಯದ ಒಂದು ಕಥೆಯಿಂದ ಸಮಾಧಾನಪಡಿಸಿ, ದಿಂಬನ್ನು ಒತ್ತಿ ಆಕೆಯ ಉಸಿರನ್ನು ನಿಲ್ಲಿಸುವನು.

ಈ ಕೊನೆಯನ್ನು ದಯೆಯೆಂದು ಹೊಗಳಿದವರಿದ್ದಾರೆ, ಕೊಲೆಯೆಂದು ಖಂಡಿಸಿದವರೂ ಇದ್ದಾರೆ. ಹಾನೆಕೆ ಅವರು ಎರಡನ್ನೂ ಹೇಳದೆ, ಆ ಮನೆಯ ಬಾಗಿಲುಗಳು ಒಂದೊಂದಾಗಿ ಮುಚ್ಚುವುದನ್ನು ಮಾತ್ರ ತೋರಿಸುವರು. ಮಗಳು ಬಂದರೆ ತಾಯಿಯ ಕೋಣೆಗೆ ಬೀಗ, ದಾದಿಯು ಹೋದಳು, ನೆರೆಯವರ ಸಹಾಯವು ಬಾಗಿಲವರೆಗೆ. ಸೇವೆಯನ್ನೆಲ್ಲ ಒಬ್ಬನೇ ಹೊತ್ತವನು ಕೊನೆಗೆ ತೀರ್ಪನ್ನೂ ಒಬ್ಬನೇ ಕೊಡುವನು. ಆಕೆಯ ಕೂಗಿನ ಅರ್ಥವೇನೆಂದು ಕೇಳಲು ಮತ್ತೊಬ್ಬರು ಅಲ್ಲಿಲ್ಲ. ಆಕರ್ಮನ್ ಅವರ ಗ್ರಂಥದಲ್ಲಿ ‘ಮೆಮ್’ ಎಂಬುದಕ್ಕೆ ಅರ್ಥವಿದೆಯೆಂದು ಕಾದವರಿದ್ದರು; ಅಮೂರ್ ಚಿತ್ರದಲ್ಲಿ ಆನಳ ಕೂಗು ಕೇವಲ ಅಭ್ಯಾಸದಿಂದ ಹೊರಡುವುದೆಂದು ದಾದಿಯೇ ಹೇಳುವಳು. ಎರಡು ಕೃತಿಗಳ ನಡುವಣ ಅಂತರವು ಪ್ರೀತಿಯ ಪ್ರಮಾಣದಲ್ಲಿಲ್ಲ. ಜಾರ್ಜನು ಕಡಮೆ ಪ್ರೀತಿಸಿದವನಲ್ಲ. ದಣಿದವನ ಪ್ರೀತಿಗೆ ನೆರವಾಗುವವರು ಇಲ್ಲದೆ ಹೋದಾಗ ಅದು ಏನಾಗಬಲ್ಲದೆಂಬುದನ್ನು ಆ ಚಿತ್ರವು ಹೇಳುವುದು. ಆಕರ್ಮನ್ ಅವರ ಗ್ರಂಥವು ಬಿಟ್ಟುಬಿಟ್ಟ ಪುಟವು ಇದು.

ಕನ್ನಡನಾಡಿನ ಮನೆಗಳಿಗೆ ಈ ಕೃತಿಗಳು ದೂರದವೆಂದು ಎಣಿಸಬೇಕಾಗಿಲ್ಲ. ಲಕ್ವ ಹೊಡೆದ ಯಜಮಾನರನ್ನು ವರ್ಷಗಟ್ಟಲೆ ಆರೈಕೆ ಮಾಡಿದ ಗೃಹಿಣಿಯರು ಬೀದಿಗೊಬ್ಬರಂತೆ ಇರುವರು. ಹೆಂಡತಿಗೆ ಉಣಿಸಿ, ತಲೆ ಬಾಚಿ, ಮಡಿಸೀರೆ ಉಡಿಸಿದ ಗಂಡಂದಿರೂ ಇಲ್ಲದಿಲ್ಲ. ಅವರ ಕಾರ್ಯವನ್ನು ನೆಂಟರು ಪಾತಿವ್ರತ್ಯವೆಂದೋ ಋಣವೆಂದೋ ಒಂದು ಮಾತಿನಲ್ಲಿ ಹೊಗಳಿ ಕಾಫಿ ಕುಡಿದು ಎದ್ದುಹೋಗುವರು. ಹೊಗಳಿಕೆಯು ಅಲ್ಲಿ ಸಹಾಯದ ಬದಲಿಗೆ ಬಂದು ಕೂರುವುದು. ರೋಗಿಯನ್ನು ನೋಡಲು ಬಂದವರು ರೋಗಿಯ ತಲೆಯ ಮೇಲಿಂದ ಹೆಂಡತಿಯನ್ನು ಕೇಳುವುದು ಸಾಮಾನ್ಯ: ‘ಊಟ ಮಾಡ್ತಾರೇನಮ್ಮ? ಗುರುತು ಸಿಗುತ್ತೇನು?’ ಗುರುತು ಸಿಕ್ಕವರು ಅಲ್ಲಿಯೇ ಕುಳಿತು ಅದನ್ನು ಕೇಳುತ್ತಿರುವರು. ಮಾತಿನ ಚಿಕಿತ್ಸೆಗೆ ಈ ನಾಡಿನಲ್ಲಿ ಸ್ಥಾನವಿಲ್ಲವೆನ್ನುವಂತಿಲ್ಲ. ೧೯೬೦ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಆ ವಿದ್ಯೆಯಲ್ಲಿ ಬಹುಕಾಲದಿಂದ ದುಡಿಯುತ್ತಿದೆ. ಆದರೆ ಚಿಕಿತ್ಸಕರು ಕಲಿಸುವುದು ಗಂಟೆಗಳ ಲೆಕ್ಕದಲ್ಲಿ. ಮಿಕ್ಕ ದಿನವೆಲ್ಲ ಮನೆಯವರ ಕೈಯಲ್ಲಿದೆ. ಮನೆಯ ಭಾಷೆ ಯಾವುದು, ರೋಗಿಯು ಯಾವ ಗಾದೆಯನ್ನು ಆಡುತ್ತಿದ್ದರು, ಯಾವ ದೇವರನಾಮವನ್ನು ಗುನುಗುತ್ತಿದ್ದರು, ಯಾವ ಹೆಸರಿನಿಂದ ಹೆಂಡತಿಯನ್ನು ಕರೆಯುತ್ತಿದ್ದರು, ಅಥವಾ ಹೆಸರು ಹಿಡಿಯದೆ ‘ಇವಳೇ’ ಎನ್ನುತ್ತಿದ್ದರೋ, ಇವುಗಳನ್ನು ಬಲ್ಲವರು ಅವರೇ. ಚೆರುಬಿಮ್ ಎಂಬ ಮಾತನ್ನು ತಪ್ಪೆನ್ನದೆ ಕೇಳಲು ಬೇಕಾದ ಕಿವಿಯು ಹೀಗೆ ಕೂಡಿಬಾಳಿದವರಲ್ಲಿ ಮಾತ್ರ ಇರುವುದು.

ಸಾವಿತ್ರಿಯು ಯಮನನ್ನು ಹಿಂಬಾಲಿಸಿ, ಮಾತಿನಲ್ಲಿ ಆತನನ್ನು ಒಲಿಸಿ ಪತಿಯ ಪ್ರಾಣವನ್ನು ಗೆದ್ದಳೆಂಬ ಕಥೆಯನ್ನು ಪತ್ನಿಯರ ಸೇವೆಗೆ ಆದರ್ಶವಾಗಿ ಹೇಳುವುದುಂಟು. ಆ ಕಥೆಯಲ್ಲಿ ಮಾತೆಲ್ಲ ಸಾವಿತ್ರಿಯದು, ಸತ್ಯವಂತನು ಮಲಗಿರುವನು. ಪ್ರಾಣವು ಮರಳಿದೊಡನೆ ಆತನ ಮಾತೂ ಮರಳುವುದು. ಪಾರ್ಶ್ವವಾಯುವಾದ ಮನೆಯ ಸಾವಿತ್ರಿಗೆ ಅಷ್ಟು ಸುಲಭವಾದ ವರವಿಲ್ಲ. ಪ್ರಾಣವು ಉಳಿದಿದೆ, ಮಾತು ಬಂದಿಲ್ಲ. ಅಲ್ಲದೆ ಆಕೆ ಎಷ್ಟು ಮಾತಾಡಿದರೂ ಅದು ಗೆಲ್ಲುವಂತಹದಲ್ಲ. ತಾನು ಸುಮ್ಮನಿದ್ದು, ಎದುರಿನವರ ನಾಲಗೆಯು ದಾರಿಯನ್ನು ಹುಡುಕುವಷ್ಟು ಕಾಲ ಕಾಯುವುದೇ ಆಕೆಯ ತಪಸ್ಸು. ಈ ತಪಸ್ಸಿಗೆ ಫಲ ಬಂದ ಮನೆಯ ಕಥೆಯನ್ನು ಆಕರ್ಮನ್ ಅವರು ಹೇಳಿರುವರು. ಫಲ ಬಾರದ ಮನೆಯದನ್ನು ಹಾನೆಕೆ ಅವರು ತೋರಿಸಿರುವರು. ವೆಸ್ಟ್ ಅವರು ಮಾತು ಕೆಟ್ಟ ಮೇಲೆ ಹನ್ನೆರಡು ವರ್ಷ ಬದುಕಿ, ಬೇರೆ ಗ್ರಂಥಗಳನ್ನೂ ರಚಿಸಿ, ೨೦೧೫ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ಹನ್ನೆರಡು ವರ್ಷಗಳಲ್ಲಿ ಅವರ ಮಾತು ಮೊದಲಿನಂತೆ ಆಗಲಿಲ್ಲ. ಆದರೆ ಅವರದೇ ಆಗಿದ್ದಿತು.

ಶಬ್ದಾರ್ಥಗಳು ಬಿಡದೆ ಕೂಡಿರುವುವೆಂದು ಕವಿಯು ಹೇಳಿದುದು ದೇವದಂಪತಿಗಳ ವಿಷಯ. ಮನುಷ್ಯದಂಪತಿಗಳಲ್ಲಿ ಅವು ಅಗಲುವುದುಂಟು. ಅಗಲಿದಾಗ ಅರ್ಥವು ಇದೆಯೆಂದು ನಂಬಿ ಶಬ್ದಕ್ಕಾಗಿ ಕಾಯುವವರೊಬ್ಬರು ಪಕ್ಕದಲ್ಲಿರುವುದೇ ದಾಂಪತ್ಯ. ಹಾಗೆ ಕಾಯುವವರ ಪಕ್ಕದಲ್ಲಿಯೂ ಒಬ್ಬರು ಇರಬೇಕು. ಈ ಎರಡು ಮಾತುಗಳನ್ನು ಮನಗಾಣಿಸುವುದರಿಂದ ಈ ಮೂರು ಕೃತಿಗಳೂ ಸಹೃದಯರ ಪರಿಶೀಲನೆಗೆ ಯೋಗ್ಯವಾಗಿವೆ. ಓದುವವರು ಹೆಂಡತಿಯ ಗ್ರಂಥವನ್ನು ಮುಗಿಸಿ ಪುಸ್ತಕವನ್ನು ಮುಚ್ಚದೆ, ಗಂಡನ ತೊದಲುಗ್ರಂಥವನ್ನೂ ಕೈಗೆತ್ತಿಕೊಳ್ಳಬೇಕೆಂಬುದಷ್ಟೇ ಇಲ್ಲಿ ಹೇಳಬೇಕಾಗಿರುವ ಕೊನೆಯ ಮಾತು.